ಪ್ರೌಢಶಾಲಾ ಫುಟ್‌ಬಾಲ್ ತಂಡ ಮತ್ತು ಕ್ಲಬ್ ಫುಟ್‌ಬಾಲ್ ತಂಡ: ತರಬೇತಿಯಲ್ಲಿನ ವ್ಯತ್ಯಾಸಗಳು

ರಾಜ್ಯದಲ್ಲಿ ಪ್ರೌಢಶಾಲಾ ವಯಸ್ಸಿನ ಬಾಲಕ ಬಾಲಕಿಯರಿಗೆ ಫುಟ್‌ಬಾಲ್ ತರಬೇತಿಯು ಮುಖ್ಯವಾಗಿ ಎರಡು ಕಡೆಗಳಲ್ಲಿ ದೊರೆಯುತ್ತದೆ. ಒಂದು, ವಿದ್ಯಾರ್ಥಿಯು ವ್ಯಾಸಂಗ ಮಾಡುತ್ತಿರುವ ಶಾಲೆಯ ತಂಡ. ಮತ್ತೊಂದು, ಖಾಸಗಿ ಅಥವಾ ಸಂಘದ ರೂಪದಲ್ಲಿರುವ ಕ್ಲಬ್ ಇಲ್ಲವೇ ಅಕಾಡೆಮಿ. ಮೈದಾನದಲ್ಲಿ ಆಡುವ ಆಟ ಒಂದೇ ಆದಾಗ್ಯೂ ಆಯ್ಕೆಯ ಕ್ರಮ, ತರಬೇತಿಯ ಅವಧಿ, ತರಬೇತುದಾರರ ಅರ್ಹತೆ ಮತ್ತು ದೊರೆಯುವ ಪ್ರಮಾಣಪತ್ರಗಳು ಬೇರೆ ಬೇರೆಯಾಗಿರುತ್ತವೆ. ಈ ವ್ಯತ್ಯಾಸಗಳನ್ನು ಅರಿಯದೆ ಮಕ್ಕಳನ್ನು ಸೇರಿಸಿದ ಪೋಷಕರು ಕ್ರೀಡಾ ವಸತಿ ನಿಲಯದ ಆಯ್ಕೆಗೆ ಅಥವಾ ಕ್ರೀಡಾ ಕೋಟಾದ ಸೀಟಿಗೆ ಅರ್ಜಿ ಸಲ್ಲಿಸುವ ಹಂತದಲ್ಲಿ ತೊಂದರೆಗೆ ಒಳಗಾಗಬಹುದಾದ ಕಾರಣ ಈ ಮಾಹಿತಿಯನ್ನು ನೀಡಲಾಗಿದೆ.

ಶಾಲಾ ತಂಡ

ಶಾಲಾ ಕ್ರೀಡಾಕೂಟಗಳು ತಾಲ್ಲೂಕು, ಜಿಲ್ಲೆ, ವಿಭಾಗ ಮತ್ತು ರಾಜ್ಯ ಮಟ್ಟಗಳಲ್ಲಿ ನಡೆದು, ಅಲ್ಲಿಂದ 1954ರಲ್ಲಿ ಸ್ಥಾಪನೆಯಾದ ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ರಾಷ್ಟ್ರೀಯ ಕೂಟಕ್ಕೆ ತಲುಪುತ್ತವೆ. 14, 17 ಮತ್ತು 19 ವರ್ಷದೊಳಗಿನವರು ಎಂಬ ವಯೋಮಿತಿ ವಿಭಾಗಗಳಿರುತ್ತವೆ. ಭಾರತೀಯ ವಾಯುಪಡೆಯ ಆಶ್ರಯದಲ್ಲಿ 1960ರಿಂದ ನಡೆಯುತ್ತಿರುವ ಸುಬ್ರತೊ ಕಪ್ ಪಂದ್ಯಾವಳಿಯೂ ಶಾಲಾ ತಂಡಗಳಿಗೇ ಮೀಸಲಾದುದು.

ಶಾಲಾ ತಂಡದ ಹೊಣೆಯು ಸಾಮಾನ್ಯವಾಗಿ ದೈಹಿಕ ಶಿಕ್ಷಕರದ್ದಾಗಿರುತ್ತದೆ. ಇವರು ದೈಹಿಕ ಶಿಕ್ಷಣದಲ್ಲಿ ಪದವಿ ಪಡೆದವರು; ಫುಟ್‌ಬಾಲ್‌ನಲ್ಲಿಯೇ ಪರಿಣತರಾಗಿರಬೇಕೆಂದಿಲ್ಲ. ಕಬಡ್ಡಿ, ಖೊಖೊ, ವಾಲಿಬಾಲ್, ಥ್ರೋಬಾಲ್ ತಂಡಗಳನ್ನೂ ಅದೇ ತಿಂಗಳಿನಲ್ಲಿ ಅದೇ ಶಿಕ್ಷಕರು ಸಿದ್ಧಪಡಿಸಬೇಕಾಗಿರುತ್ತದೆ. ಜೂನ್ ತಿಂಗಳಿನಲ್ಲಿ ಶಾಲೆ ನಡೆಯತೊಡಗಿದ ಮೇಲೆ ತಾಲ್ಲೂಕು ಕೂಟಕ್ಕೆ ಕೆಲವೇ ವಾರಗಳು ಉಳಿದಿರುತ್ತವೆ. ಕೂಟವು ಸೋತವರು ಹೊರಗೆ ಎಂಬ ಕ್ರಮದಲ್ಲಿ ನಡೆದಲ್ಲಿ, ಮೊದಲ ಪಂದ್ಯದಲ್ಲಿಯೇ ಸೋತ ತಂಡಕ್ಕೆ ಆ ವರ್ಷದ ಆಟ ಅಲ್ಲಿಗೆ ಮುಗಿಯುತ್ತದೆ. ಆದ್ದರಿಂದ ಶಾಲಾ ತರಬೇತುದಾರರು ದೇಹದಾರ್ಢ್ಯ, ಕಾರ್ನರ್ ಮತ್ತು ಫ್ರೀ ಕಿಕ್, ಗೋಲ್‌ಕೀಪರ್‌ನ ಅಭ್ಯಾಸ ಮುಂತಾದ ತಕ್ಷಣ ಫಲ ಕೊಡುವ ಅಂಶಗಳಿಗೆ ಒತ್ತು ನೀಡುವುದು ಸಹಜ. ಚುರುಕಾದ ಒಬ್ಬ ಹುಡುಗನನ್ನು ಮುಂದೆ ನಿಲ್ಲಿಸಿ ಉಳಿದವರೆಲ್ಲರೂ ಅವನಿಗೇ ಚೆಂಡು ಕೊಡುವಂತೆ ಆಡಿಸುವುದೂ ಉಂಟು. ಇದನ್ನು ದೋಷವೆಂದು ಹೇಳಲಾಗದು. ಲಭ್ಯವಿರುವ ಸಮಯವೇ ಅಷ್ಟು.

ಆಟಗಾರರನ್ನು ಹೊರಗಿನಿಂದ ತರಲು ಅವಕಾಶವಿಲ್ಲ. ಹಾಜರಾತಿ ಪುಸ್ತಕದಲ್ಲಿ ಹೆಸರಿರುವ ವಿದ್ಯಾರ್ಥಿಗಳಲ್ಲಿಯೇ ಹನ್ನೊಂದು ಜನರನ್ನು ಆರಿಸಬೇಕು. 10ನೇ ತರಗತಿಯವರು ಮಾರ್ಚ್ ನಂತರ ಹೊರಟುಹೋಗುತ್ತಾರೆ. ಆದರೆ ಕ್ಲಬ್‌ನಲ್ಲಿ ಸುಲಭವಾಗಿ ದೊರೆಯದ ಒಂದು ಅನುಕೂಲ ಇಲ್ಲಿದೆ. ಮಗುವು ಬೆಳಿಗ್ಗೆ ಏನನ್ನೂ ತಿನ್ನದೆ ಮೈದಾನಕ್ಕೆ ಬಂದು ಮಧ್ಯಾಹ್ನದ ಬಿಸಿಯೂಟಕ್ಕೆ ಕಾಯುತ್ತಿದೆಯೇ, ಗಣಿತದಲ್ಲಿ ಹಿಂದುಳಿದಿದೆಯೇ, ಮನೆಯಲ್ಲಿ ಪರಿಸ್ಥಿತಿ ಹೇಗಿದೆ ಎಂಬುದು ಶಾಲಾ ಶಿಕ್ಷಕರ ಗಮನಕ್ಕೆ ಬರುತ್ತದೆ.

ಕ್ಲಬ್ ತಂಡ

ಕ್ಲಬ್‌ಗಳು ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ ಹಾಗೂ ಅದರ ಮೂಲಕ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ವ್ಯಾಪ್ತಿಗೆ ಬರುತ್ತವೆ. ಬೆಂಗಳೂರಿನಲ್ಲಿ ಸೂಪರ್ ಡಿವಿಷನ್, ಎ ಡಿವಿಷನ್ ಇತ್ಯಾದಿ ಶ್ರೇಣಿಗಳ ಲೀಗ್‌ಗಳೂ, ಮಕ್ಕಳಿಗಾಗಿ ವಯೋಮಿತಿ ಲೀಗ್‌ಗಳೂ ನಡೆಯುತ್ತವೆ. ಲೀಗ್ ಪದ್ಧತಿಯಲ್ಲಿ ಒಂದು ಪಂದ್ಯ ಸೋತರೂ ಮುಂದಿನ ವಾರ ಮತ್ತೊಂದು ಇರುತ್ತದೆ. ಇದರಿಂದಾಗಿ ಕ್ಲಬ್ ತರಬೇತುದಾರರು ಫಲಿತಾಂಶಕ್ಕಿಂತ ಚೆಂಡಿನ ಹಿಡಿತ, ಎರಡೂ ಕಾಲುಗಳ ಬಳಕೆ, ಸ್ಥಾನದ ಅರಿವು ಇವುಗಳನ್ನು ವರ್ಷಗಟ್ಟಲೆ ಕಲಿಸಲು ಸಾಧ್ಯವಾಗುತ್ತದೆ. ಶಾಲೆಯಲ್ಲಿ ಮುನ್ಪಡೆಯಲ್ಲಿ ಆಡುವ ಹುಡುಗಿಯನ್ನು ಕ್ಲಬ್‌ನಲ್ಲಿ ಎಡಬದಿಯ ರಕ್ಷಣೆಗೆ ಹಾಕಿದಲ್ಲಿ ಪೋಷಕರು ಅದನ್ನು ಹಿಂಬಡ್ತಿ ಎಂದು ಭಾವಿಸಬೇಕಾಗಿಲ್ಲ.

ತರಬೇತುದಾರರಿಗೆ ಡಿ, ಸಿ, ಬಿ, ಎ ಮತ್ತು ಪ್ರೊ ಎಂಬ ಕ್ರಮದಲ್ಲಿ ಪರವಾನಗಿಗಳಿವೆ. ಇವುಗಳಲ್ಲಿ ಡಿ ಪರವಾನಗಿಯು ಆರಂಭಿಕ ಹಂತದ್ದು. ಪರವಾನಗಿ ಯಾವ ದರ್ಜೆಯದೆಂದು ಕೇಳುವುದು ಪೋಷಕರ ಹಕ್ಕು. ಕೇಳಿದ್ದಕ್ಕೆ ಬೇಸರಿಸುವ ಕ್ಲಬ್ ಬಗ್ಗೆ ಎಚ್ಚರಿಕೆ ವಹಿಸುವುದು ಒಳ್ಳೆಯದು. ಕ್ಲಬ್‌ಗಳು ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರಡಿ ನೋಂದಾಯಿತವಾಗಿರಬಹುದು ಅಥವಾ ಕಂಪನಿಯ ರೂಪದಲ್ಲಿರಬಹುದು. ಶುಲ್ಕ ಪಾವತಿಸಿದಾಗ ವ್ಯಕ್ತಿಯ ಹೆಸರಿನಲ್ಲಿ ಅಲ್ಲದೆ ಸಂಸ್ಥೆಯ ಹೆಸರಿನಲ್ಲಿಯೇ ರಸೀದಿ ಪಡೆಯತಕ್ಕದ್ದು.

ನೋಂದಣಿಯು ಒಕ್ಕೂಟದ ಕೇಂದ್ರೀಯ ನೋಂದಣಿ ವ್ಯವಸ್ಥೆಯಲ್ಲಿ ಆಗುತ್ತದೆ. ಅಂತರರಾಷ್ಟ್ರೀಯ ನಿಯಮದಂತೆ ಒಬ್ಬ ಆಟಗಾರ ಒಂದು ಕಾಲಕ್ಕೆ ಒಂದೇ ಕ್ಲಬ್‌ನಲ್ಲಿ ನೋಂದಾಯಿತನಾಗಿರಬಹುದು. ಆದುದರಿಂದ ಪೋಷಕರು ಸಹಿ ಮಾಡುವ ಮುನ್ನ, ಕ್ಲಬ್ ಬಿಡುವ ಸಂದರ್ಭದ ಷರತ್ತುಗಳನ್ನು ಪೂರ್ಣವಾಗಿ ಓದಬೇಕು. ಶುಲ್ಕದ ಚೌಕಾಶಿಗೆ ಕೊಡುವ ಗಮನವನ್ನು ಈ ಪುಟಕ್ಕೂ ಕೊಟ್ಟಲ್ಲಿ ಎಷ್ಟೋ ವಿವಾದಗಳು ಹುಟ್ಟುವುದೇ ಇಲ್ಲ.

ಎರಡೂ ಕಡೆ ಆಡುವ ಮಕ್ಕಳು

ಹೆಚ್ಚಿನ ಎಚ್ಚರಿಕೆ ಬೇಕಾಗಿರುವುದು ಇಲ್ಲಿ. ಬೆಳಿಗ್ಗೆ ಆರು ಗಂಟೆಗೆ ಶಾಲೆಯ ಅಭ್ಯಾಸ, ಸಂಜೆ ಕ್ಲಬ್‌ನ ಅಭ್ಯಾಸ, ಭಾನುವಾರ ಲೀಗ್ ಪಂದ್ಯ ಎಂದಾದಲ್ಲಿ ಒಟ್ಟು ಹೊರೆ ಎಷ್ಟೆಂಬುದು ಇಬ್ಬರು ತರಬೇತುದಾರರಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಬೆಳೆಯುವ ವಯಸ್ಸಿನಲ್ಲಿ ಮಂಡಿಚಿಪ್ಪಿನ ಕೆಳಗೆ ಹಾಗೂ ಹಿಮ್ಮಡಿಯಲ್ಲಿ ಬರುವ ನೋವು ಅತಿಯಾದ ಓಟ ಮತ್ತು ಜಿಗಿತದಿಂದ ಹೆಚ್ಚುತ್ತದೆ. ಮಕ್ಕಳು ತಂಡದಿಂದ ಕೈಬಿಡುವರೆಂಬ ಭಯದಿಂದ ಇದನ್ನು ಮುಚ್ಚಿಡುವುದುಂಟು. ವಾರಕ್ಕೆ ಕನಿಷ್ಠ 1 ರಿಂದ 2 ದಿನ ಸಂಘಟಿತ ಕ್ರೀಡೆಯಿಂದ ಪೂರ್ಣ ವಿಶ್ರಾಂತಿ ಅಗತ್ಯವೆಂಬುದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆ. ಫಿಫಾ ಸಂಸ್ಥೆಯು 14 ವರ್ಷ ಮತ್ತು ಮೇಲ್ಪಟ್ಟವರಿಗಾಗಿ ರೂಪಿಸಿರುವ ಸುಮಾರು 20 ನಿಮಿಷಗಳ, 15 ವ್ಯಾಯಾಮಗಳ ಪೂರ್ವಾಭ್ಯಾಸವು ಗಾಯಗಳನ್ನು ಕಡಿಮೆ ಮಾಡುತ್ತದೆ. ಇದಕ್ಕೆ ಖರ್ಚಿಲ್ಲ, ಯಾವುದೇ ಶಾಲೆಯ ಮೈದಾನದಲ್ಲಿ ಮಾಡಬಹುದು.

ಪಂದ್ಯಗಳು ಒಂದೇ ದಿನ ಬಂದಲ್ಲಿ ಏನು ಮಾಡಬೇಕು? ಉದಾಹರಣೆಗೆ, 9ನೇ ತರಗತಿಯ ಗೋಲ್‌ಕೀಪರ್ ಒಬ್ಬನಿಗೆ ತಾಲ್ಲೂಕು ಕೂಟ ಮತ್ತು ಕ್ಲಬ್ ಲೀಗ್ ಒಟ್ಟಿಗೆ ಬಂದರೆ ಇಬ್ಬರಲ್ಲಿ ಒಬ್ಬರು ತರಬೇತುದಾರರು ಮುನಿಸಿಕೊಳ್ಳುವುದು ಖಚಿತ, ಆ ಮುನಿಸು ಹುಡುಗನ ಮೇಲೆ ಬೀಳುತ್ತದೆ. ಅಮೆರಿಕದಲ್ಲಿ 2007ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಲಬ್ ಅಕಾಡೆಮಿ ವ್ಯವಸ್ಥೆಯು 2012-13ರಿಂದ ಹತ್ತು ತಿಂಗಳ ಋತುವನ್ನು ಜಾರಿಗೊಳಿಸಿ, ಸದರಿ ಆಟಗಾರರು ಶಾಲಾ ತಂಡದಲ್ಲಿ ಆಡದಂತೆ ನಿರ್ಬಂಧಿಸಿತ್ತು. ಆ ವ್ಯವಸ್ಥೆ 2020ರಲ್ಲಿ ಮುಚ್ಚಿತು. ನಿರ್ಬಂಧಕ್ಕಿಂತ ಮೊದಲೇ ಮಾತನಾಡಿಕೊಳ್ಳುವುದು ಸೂಕ್ತ. ಪೋಷಕರು ಜೂನ್ ತಿಂಗಳಲ್ಲಿಯೇ ಎರಡೂ ಕಡೆಯ ವೇಳಾಪಟ್ಟಿಯನ್ನು ಪಡೆದು, ಯಾವ ದಿನ ಎಲ್ಲಿ ಆಡುವುದೆಂದು ಇಬ್ಬರಿಗೂ ಲಿಖಿತವಾಗಿ ತಿಳಿಸಬೇಕು.

ಪ್ರಮಾಣಪತ್ರಗಳು ಮತ್ತು ಜನ್ಮ ದಿನಾಂಕ

ಕ್ಲಬ್ ಲೀಗ್‌ನಲ್ಲಿ ಆಡಿದ ಪ್ರಮಾಣಪತ್ರವೇ ಬೇರೆ, ರಾಜ್ಯವನ್ನು ಪ್ರತಿನಿಧಿಸಿದ ಪ್ರಮಾಣಪತ್ರವೇ ಬೇರೆ. ಶಾಲೆಯ ಮಾರ್ಗದಲ್ಲಿ ರಾಜ್ಯ ತಂಡಕ್ಕೆ ಆಯ್ಕೆಯಾದವರು ರಾಷ್ಟ್ರೀಯ ಶಾಲಾ ಕೂಟದ ಪತ್ರವನ್ನೂ, ಫುಟ್‌ಬಾಲ್ ಸಂಸ್ಥೆಯ ಆಯ್ಕೆ ಪರೀಕ್ಷೆಯ ಮೂಲಕ ಡಾ. ಬಿ.ಸಿ. ರಾಯ್ ಟ್ರೋಫಿಯಂತಹ ರಾಷ್ಟ್ರೀಯ ಪಂದ್ಯಾವಳಿಗೆ ಹೋದವರು ಅದರ ಪತ್ರವನ್ನೂ ಪಡೆಯುತ್ತಾರೆ. ಯಾವ ಪತ್ರಕ್ಕೆ ಎಷ್ಟು ಮಾನ್ಯತೆ ಎಂಬುದು ಆಯಾ ವರ್ಷದ ಅಧಿಸೂಚನೆಯಂತೆ ಇರುತ್ತದೆ. ಮೂಲ ಪತ್ರಗಳನ್ನು ಕ್ಲಬ್‌ನ ವಶಕ್ಕೆ ಕೊಡಬಾರದು. ನಕಲು ಪ್ರತಿ ಸಾಕು.

ಜನನ ಪ್ರಮಾಣಪತ್ರ, ಶಾಲಾ ದಾಖಲಾತಿ, ಆಧಾರ್ ಮತ್ತು ಕ್ಲಬ್ ನೋಂದಣಿ, ಈ ನಾಲ್ಕರಲ್ಲಿಯೂ ಜನ್ಮ ದಿನಾಂಕ ಒಂದೇ ಆಗಿರಬೇಕು. ಒಕ್ಕೂಟದ ಯುವ ಪಂದ್ಯಾವಳಿಗಳಲ್ಲಿ ಎಡಗೈ ಮಣಿಕಟ್ಟಿನ ಎಕ್ಸ್-ರೇ ಮೂಲಕ ಮೂಳೆಯ ವಯಸ್ಸನ್ನು ಪರೀಕ್ಷಿಸುವ ಕ್ರಮವಿದೆ. ವಯಸ್ಸು ತಗ್ಗಿಸಿ ಬರೆಸಿದ ಪಕ್ಷದಲ್ಲಿ ಶಿಕ್ಷೆ ಅನುಭವಿಸುವುದು ಆ ಮಗುವೇ. ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಬಂದ ನಂತರ ದಿನಾಂಕ ತಿದ್ದುಪಡಿ ಕಷ್ಟಸಾಧ್ಯವಾದ್ದರಿಂದ, ವ್ಯತ್ಯಾಸ ಕಂಡುಬಂದಲ್ಲಿ ಅದಕ್ಕೂ ಮುನ್ನವೇ ಮುಖ್ಯೋಪಾಧ್ಯಾಯರನ್ನು ಸಂಪರ್ಕಿಸತಕ್ಕದ್ದು.

ಮಕ್ಕಳ ಸುರಕ್ಷತೆಗೆ ಸಂಬಂಧಿಸಿದಂತೆ ಶಾಲೆ ಮತ್ತು ಕ್ಲಬ್ ನಡುವೆ ಯಾವುದೇ ವ್ಯತ್ಯಾಸವಿಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣೆ ಅಧಿನಿಯಮ 2012 ಎರಡಕ್ಕೂ ಸಮಾನವಾಗಿ ಅನ್ವಯಿಸುತ್ತದೆ. ದೂರುಗಳಿದ್ದಲ್ಲಿ ಸ್ಥಳೀಯ ಪೊಲೀಸ್ ಠಾಣೆಗೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬಹುದು.