ರಾಸ್ ಹಿಲ್‌ನಿಂದ ಜ್ಞಾನಾಪುರಕ್ಕೆ

ವಿಶಾಖಪಟ್ಟಣದ ಹಳೆಯ ಪೇಟೆಯನ್ನು ಜನ ಒನ್ ಟೌನ್ ಎನ್ನುತ್ತಾರೆ. ಅಲ್ಲಿ ಬಂದರಿನ ಮಗ್ಗುಲಿಗೆ ಮೂರು ಗುಡ್ಡಗಳಿವೆ. ಒಂದರ ಮೇಲೆ ವೆಂಕಟೇಶ್ವರನ ಗುಡಿ, ಇನ್ನೊಂದರ ಮೇಲೆ ಇಷಾಕ್ ಮದನಿಯವರ ದರ್ಗಾ, ಮೂರನೆಯದರ ಮೇಲೆ ಮೇರಿಮಾತೆಯ ಚರ್ಚು. ರೇವಿಗೆ ಬಂದುಹೋಗುವ ಹಡಗುಗಳು ದರ್ಗಾಕ್ಕೆ ಗೌರವ ಸೂಚಿಸಿ ಬಾವುಟವನ್ನು ಮೂರು ಸಲ ಏರಿಸಿ ಇಳಿಸುತ್ತಿದ್ದವೆಂದು ಜಿಲ್ಲೆಯ ಹಳೆಯ ಗೆಜೆಟಿಯರ್ ಹೇಳುತ್ತದೆ.

ಚರ್ಚಿನ ಗುಡ್ಡಕ್ಕೆ ಮಾತ್ರ ದೇವರ ಹೆಸರೂ ಇಲ್ಲ, ಸಂತರ ಹೆಸರೂ ಇಲ್ಲ. ರಾಸ್ ಎಂಬ ಯುರೋಪಿಯನ್ 1864ರಲ್ಲಿ ಅಲ್ಲೊಂದು ಮನೆ ಕಟ್ಟಿಸಿದ. ಮುಂದೆ ಆ ಜಾಗದಲ್ಲಿ ಪ್ರಾರ್ಥನಾಲಯ ಬಂತು. ಮನೆ ಹೋಯಿತು, ರಾಸ್ ಹಿಲ್ ಎಂಬ ಹೆಸರು ಉಳಿಯಿತು.

ಕ್ಯಾಥೊಲಿಕ್ ಮಿಷನ್ ಅದಕ್ಕೂ ಹಳೆಯದು. 1846ರ ಫೆಬ್ರವರಿಯಲ್ಲಿ ಸವಾಯ್ ಸೀಮೆಯ ಆನ್ಸಿ ಪಟ್ಟಣದಿಂದ ನಾಲ್ವರು ಪಾದ್ರಿಗಳು, ಇಬ್ಬರು ಬ್ರದರುಗಳು ಇಲ್ಲಿಗೆ ಬಂದರು. ಮುಖಂಡ ಜಾಕ್ ಮಾರ್ತ್ಯಾಂ ಕೆಲವೇ ತಿಂಗಳಲ್ಲಿ ತೀರಿಕೊಂಡರು. ಜೊತೆಗೆ ಬಂದಿದ್ದ ತಿಸ್ಸೋ ಮುಂದೆ ಬಿಷಪ್ ಆಗಿ 1890ರಲ್ಲಿ ಸಾಯುವವರೆಗೂ ಇಲ್ಲೇ ಉಳಿದರು. ಈ ನಡುವೆ, 1860ರಲ್ಲಿ, ಅವರ ಸವಾಯ್ ಸೀಮೆಯೇ ಸಾರ್ಡೀನಿಯದ ಅರಸರ ಕೈಯಿಂದ ಫ್ರಾನ್ಸಿಗೆ ಸೇರಿತ್ತು. ಬಿಟ್ಟುಬಂದ ಊರು ಅಲ್ಲಿಯೇ ಇತ್ತು, ದೇಶ ಬೇರೆಯಾಗಿತ್ತು.

ಅವರಿಗೆ ವಹಿಸಿದ ಪ್ರಾಂತ್ಯ ಕರಾವಳಿಯಿಂದ ನಾಗಪುರದವರೆಗೆ ಹಬ್ಬಿತ್ತು. ಕೈಬೆರಳೆಣಿಕೆಯ ಪಾದ್ರಿಗಳಿಗೆ ಅಷ್ಟು ನೆಲ ನಕಾಶೆಯಲ್ಲಿ ಮಾತ್ರ ಅಂಕೆಗೆ ಸಿಕ್ಕೀತು. 1886ರಲ್ಲಿ ವಿಶಾಖಪಟ್ಟಣ ಧರ್ಮಪ್ರಾಂತ್ಯವಾಯಿತು, ಮರುವರ್ಷ ನಾಗಪುರ ಬೇರೆಯಾಯಿತು. ಗಡಿ ಹೀಗೆ ಕುಗ್ಗಿದರೂ ಬೇರು ಉಳಿದದ್ದು ಜನ ಒಟ್ಟಿಗೆ ನೆಲೆಸಿದ ಕಡೆಗಳಲ್ಲಿ.

ಅಂಥ ಒಂದು ನೆಲೆ ರೈಲು ನಿಲ್ದಾಣದ ಹತ್ತಿರದ ಜ್ಞಾನಾಪುರಂ. ಸಂತ ಪೇತ್ರರ ಪ್ರಧಾನಾಲಯ, ಅಂದರೆ ಕೆಥೆಡ್ರಲ್, ಇರುವುದು ಇಲ್ಲಿಯೇ. ಹೆಸರು ಕೇಳಿದರೆ ಸಂಸ್ಕೃತ ಪಾಠಶಾಲೆಯ ಊರೆನಿಸಬಹುದು. ಆದರೆ ಕ್ಯಾಥೊಲಿಕರ ಮಾತಿನಲ್ಲಿ ಜ್ಞಾನ ಎಂದರೆ ಆತ್ಮಕ್ಕೆ ಸಂಬಂಧಿಸಿದ್ದು. ತೆಲುಗು, ತಮಿಳುಗಳಲ್ಲಿರುವಂತೆ ಕನ್ನಡದ ಚರ್ಚಿನಲ್ಲೂ ಮಗುವಿಗೆ ಮಾಡಿಸುವುದು ಜ್ಞಾನಸ್ನಾನ. ಹದಿನೇಳನೆಯ ಶತಮಾನದಲ್ಲಿ ಮದುರೆಯ ರಾಬರ್ಟ್ ಡಿ ನೊಬಿಲಿಯಂಥವರು ಬಳಕೆಗೆ ತಂದ ಪರಿಭಾಷೆ ಇದು. ಸವಾಯ್‌ನವರು ಬರುವ ಹೊತ್ತಿಗೆ ಅದು ದಕ್ಷಿಣದ ನಾಲಗೆಗಳಿಗೆ ಒಗ್ಗಿಹೋಗಿತ್ತು.

ಒಂದು ಜಾಗಕ್ಕೆ ಪರದೇಶಿಯೊಬ್ಬನ ಮನೆತನದ ಹೆಸರು, ಇನ್ನೊಂದಕ್ಕೆ ನೆಲದ ಪದ. ಹೊರಗಿನ ಧರ್ಮ ಈ ಎರಡೂ ದಾರಿಯಿಂದ ಊರೊಳಗೆ ಬಂತು. ರಾಸ್ ಹಿಲ್ ಹತ್ತುವ ಭಕ್ತರಿಗೆ ರಾಸ್ ಯಾರೆಂದು ತಿಳಿದಿರಬೇಕಿಲ್ಲ. ಆದರೆ ಜ್ಞಾನಸ್ನಾನ ಎಂದರೇನೆಂದು ಅವರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.