ಕಟಕಟೆಯಲ್ಲಿ ದೇವರ ಹೆಸರು

ಸಿನಿಮಾದ ಕೋರ್ಟಿನಲ್ಲಿ ಬಟ್ಟೆ ಸುತ್ತಿದ ಭಗವದ್ಗೀತೆ ಬರುತ್ತದೆ. ನಿಜವಾದ ಕೋರ್ಟಿನಲ್ಲಿ ಅದು ಇಲ್ಲ. ಬೆಂಚ್ ಕ್ಲರ್ಕ್ ಆಗಿ, ಆಮೇಲೆ ಶಿರಸ್ತೇದಾರನಾಗಿ ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಕೋರ್ಟುಗಳಲ್ಲೇ ಸರ್ವೀಸು ಮುಗಿಸಿದವನು ನಾನು. ಮದುವೆ ಮನೆಯಲ್ಲಿ ಸಿಕ್ಕವರು ಇವತ್ತಿಗೂ ಕೇಳುತ್ತಾರೆ: ‘ನಮಗೆ ಗೀತೆ ಮುಟ್ಟಿಸ್ತೀರಿ, ಸಾಬರು ಬಂದರೆ ಏನು ಮುಟ್ಟಿಸ್ತೀರಿ ಸಾರ್?’ ಯಾರಿಗೂ ಏನನ್ನೂ ಮುಟ್ಟಿಸುವುದಿಲ್ಲ. ಕ್ಲರ್ಕ್ ಒಂದು ವಾಕ್ಯ ಹೇಳಿಕೊಡುತ್ತಾನೆ, ಸಾಕ್ಷಿ ಅದನ್ನು ಹಿಂದೆಯೇ ಹೇಳುತ್ತಾನೆ. ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ, ಅಷ್ಟೇ.

ಇದು 1969ರ ಪ್ರಮಾಣವಚನ ಕಾಯ್ದೆಯ ಪ್ರಕಾರ ನಡೆಯುವುದು. ಆ ಕಾಯ್ದೆಯ ಕೊನೆಯ ಅನುಸೂಚಿಯಲ್ಲಿ ದೇವರ ಹೆಸರಿನ ಪ್ರಮಾಣದ ಪಕ್ಕದಲ್ಲೇ ಇನ್ನೊಂದು ಮಾತೂ ಇದೆ: ಸತ್ಯನಿಷ್ಠೆಯಿಂದ ದೃಢೀಕರಿಸಿ ಹೇಳುತ್ತೇನೆ ಎಂಬುದು. ಇಷ್ಟಪಟ್ಟವರು ಪ್ರಮಾಣದ ಬದಲು ದೃಢೀಕರಣ ಮಾಡಬಹುದು ಎಂದು 5ನೇ ಕಲಮು ಹೇಳುತ್ತದೆ. ಯಾಕೆಂದು ವಿವರಿಸಬೇಕಾಗಿಲ್ಲ, ಅರ್ಜಿ ಹಾಕಬೇಕಾಗಿಲ್ಲ. ಇಂಥ ಹಕ್ಕು ತನಗಿದೆಯೆಂದು ತಿಳಿದು ಕಟಕಟೆ ಹತ್ತಿದವರನ್ನು ನಾನು ಕಂಡದ್ದು ತೀರ ಅಪರೂಪ. ಹಕ್ಕು ಕೊಟ್ಟ ಕಾಯ್ದೆಗೆ ಐವತ್ತು ವರ್ಷ ದಾಟಿದ ಮೇಲೂ ಅದನ್ನು ಸಾಕ್ಷಿಯ ಕಿವಿಗೆ ಹಾಕುವ ಪದ್ಧತಿ ನಮ್ಮಲ್ಲಿ ಬೆಳೆಯಲಿಲ್ಲ.

ಈ ಕಡೆಯ ಜನಕ್ಕೆ ಆಣೆ ಪ್ರಮಾಣ ಹೊಸದಲ್ಲ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ 2007ರ ತನಕ ಕೋಲಾರ ಜಿಲ್ಲೆಯ ತಾಲ್ಲೂಕುಗಳು. ಬಿ. ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಕೋಲಾರ ಜಿಲ್ಲೆಗೆ ಮೀಸಲಾದ ಹತ್ತನೇ ಸಂಪುಟದಲ್ಲಿ ಇಲ್ಲಿನ ಶಾಸನಗಳಿವೆ. ದಾನ ಕೊಟ್ಟದ್ದನ್ನು ಕಿತ್ತುಕೊಂಡವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲಿ ಎಂಬ ಶಾಪ ಕನ್ನಡ ನಾಡಿನ ದಾನಶಾಸನಗಳಿಗೆ ಮಾಮೂಲು. ಬರೆದದ್ದನ್ನು ಜಾರಿ ಮಾಡಲು ಅಮೀನರಿಲ್ಲದ ಕಾಲದಲ್ಲಿ ಆ ಶಾಪವೇ ಅಮೀನ. ಹೊಯ್ಸಳರ ಕಾಲದಲ್ಲಿ ಜಮೀನಿನ ಜಗಳಕ್ಕೆ ಕಾದ ಕಬ್ಬಿಣ ಹಿಡಿದು ದೇವರೆದುರು ದಿವ್ಯ ಮಾಡಿದವರುಂಟು. ಕೈ ಸುಡದಿದ್ದರೆ ಗೆದ್ದಂತೆ.

ಕಾದ ಕಬ್ಬಿಣ ಹೋಯಿತು, ಕರ್ಪೂರ ಉಳಿಯಿತು. ಗುಡಿಯ ಹೊಸ್ತಿಲ ಮುಂದೆ ಕರ್ಪೂರ ಹಚ್ಚಿ, ‘ನಾನು ತೆಗೆದಿಲ್ಲ’ ಎಂದು ಅಂಗೈಯಿಂದ ಆರಿಸುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಮಗುವಿನ ತಲೆ ಮುಟ್ಟಿ ಹೇಳುವುದುಂಟು, ಅನ್ನದ ಮೇಲೆ ಆಣೆಯಿಡುವುದುಂಟು. ಊರಲ್ಲಿ ತೀರದ ವ್ಯಾಜ್ಯಕ್ಕೆ ಮುಳಬಾಗಿಲು, ಪಲಮನೇರು ದಾಟಿ ಚಿತ್ತೂರಿನ ಹತ್ತಿರದ ಕಾಣಿಪಾಕಕ್ಕೆ ಹೋಗುತ್ತಾರೆ. ವರಸಿದ್ಧಿ ವಿನಾಯಕನ ಕೊಳದಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ಸತ್ಯ ಪ್ರಮಾಣ. ಬಸ್ಸು ಹತ್ತುವ ಮೊದಲೇ ಒಪ್ಪಿಕೊಂಡವರ ಕಥೆ ಪ್ರತಿ ಹಳ್ಳಿಯಲ್ಲೂ ಇದೆ. ಕೋರ್ಟಿನ ಜಗುಲಿಯ ಮೇಲೆ ನಾನು ಮತ್ತೆ ಮತ್ತೆ ಕೇಳಿದ ಮಾತು: ‘ಒಳಗೆ ಹೇಳಿದ್ಯಲ್ಲ, ಅದನ್ನೇ ಕಾಣಿಪಾಕದಲ್ಲಿ ಹೇಳು ನೋಡೋಣ.’

ಈ ಮಾತನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಕಟಕಟೆಯಲ್ಲಿ ಕರೆಯುವ ದೇವರು ಬೇರೆ, ಗುಡಿಯಲ್ಲಿರುವ ದೇವರು ಬೇರೆ ಎಂದು ನಮ್ಮ ಕಕ್ಷಿದಾರರು ಬಹಳ ಹಿಂದೆಯೇ ತೀರ್ಮಾನಿಸಿಬಿಟ್ಟಿದ್ದಾರೆ. ನಂಬುವವರನ್ನೇ ಕಟ್ಟಿಹಾಕಲಾರದ ವಾಕ್ಯವನ್ನು ನಂಬದವರ ಬಾಯಿಂದ ಹೇಳಿಸಿ ಸಿಗುವುದೇನು ಎಂಬುದು ನನ್ನನ್ನು ಸರ್ವೀಸಿನ ಉದ್ದಕ್ಕೂ ಕಾಡಿದ ಪ್ರಶ್ನೆ.

ಈ ಪ್ರಶ್ನೆಯ ಬೇರು ಹುಡುಕಿದರೆ 1744ರ ಲಂಡನ್ನಿಗೆ ಹೋಗುತ್ತೇವೆ. ಕಲ್ಕತ್ತೆಯ ವರ್ತಕ ಓಮಿಚಂದ್ ಒಬ್ಬ ಇಂಗ್ಲಿಷರವನ ಮೇಲೆ ಹಾಕಿದ ದಾವೆ ಅದು. ಅವನ ಪರ ಸಾಕ್ಷಿಗಳು ಹಿಂದೂಗಳು. ಕಲ್ಕತ್ತೆಯಲ್ಲಿ ಬ್ರಾಹ್ಮಣನ ಪಾದ ಮುಟ್ಟಿ ಪ್ರಮಾಣ ಮಾಡಿದ್ದರು. ಬೈಬಲ್ ಮುಟ್ಟದವನ ಸಾಕ್ಷಿ ಸಾಕ್ಷಿಯೇ ಎಂಬ ವಾದವೆದ್ದಿತು. ಲಾರ್ಡ್ ಚಾನ್ಸಲರ್ ಹಾರ್ಡ್‌ವಿಕ್ ಆ ಹಿಂದೂಗಳ ಸಾಕ್ಷ್ಯವನ್ನು ಒಪ್ಪಿಕೊಂಡ. ಸುಳ್ಳಾಡಿದರೆ ಶಿಕ್ಷಿಸುವ ದೇವರೊಬ್ಬನಿದ್ದಾನೆಂದು ನಂಬಿದರೆ ಸಾಕು, ಅವನು ಯಾವ ದೇವರಾದರೂ ಸರಿ ಎಂಬುದು ಆ ತೀರ್ಪಿನ ತಿರುಳು. ಹಿಂದೂಗಳಿಗೆ, ಮುಸಲ್ಮಾನರಿಗೆ ತೆರೆದ ಆ ಬಾಗಿಲು ಅದೇ ಕಾರಣಕ್ಕೆ ನಾಸ್ತಿಕರಿಗೆ ಮುಚ್ಚಿತು. ದೇವರ ಭಯವಿಲ್ಲದವನ ಮಾತಿಗೆ ಬೆಲೆ ಕಟ್ಟುವುದು ಹೇಗೆ ಎಂದು ಅಲ್ಲಿಯ ನ್ಯಾಯಾಲಯಗಳು ನೂರು ವರ್ಷಕ್ಕೂ ಮೇಲೆ ತಡವರಿಸಿದವು. ಅಂದರೆ ಮನೆಗೆ ಕಳ್ಳ ನುಗ್ಗಿದರೂ ನಾಸ್ತಿಕ ಸಾಕ್ಷಿ ಹೇಳುವಂತಿರಲಿಲ್ಲ. ಇಂಗ್ಲೆಂಡಿನಲ್ಲಿ ಆ ತೊಡಕು ಸಡಿಲವಾಗತೊಡಗಿದ್ದು 1869ರ ಸಾಕ್ಷ್ಯ ಕಾಯ್ದೆಯಿಂದ.

ಕಂಪನಿ ಸರ್ಕಾರ ಇಲ್ಲಿ 1840ರಲ್ಲಿ ಕಾಯ್ದೆ ತಂದು ಗಂಗಾಜಲ, ಕುರಾನುಗಳನ್ನು ಮುಟ್ಟಿಸುವುದನ್ನು ನಿಲ್ಲಿಸಿತು. ಹಿಂದೂ ಮುಸಲ್ಮಾನರು ಸರ್ವಶಕ್ತ ದೇವರ ಸಮ್ಮುಖದಲ್ಲಿ ದೃಢೀಕರಿಸಿದರೆ ಸಾಕೆಂದಿತು. ಆಮೇಲೆ ಬಂದ 1873ರ ಕಾಯ್ದೆ ನನಗೆ ಹೆಚ್ಚು ಕುತೂಹಲದ್ದು. ನಮ್ಮ ಗಡಿಯಾಚೆಯ ಹಿಂದೂಪುರ, ಮದನಪಲ್ಲಿ, ಚಿತ್ತೂರು ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದು ಈ ಕಾಯ್ದೆಗೆ ಒಳಪಟ್ಟಿದ್ದವು. ಇದರ 8ರಿಂದ 12ರ ತನಕದ ಕಲಮುಗಳಲ್ಲಿ ವಿಶೇಷ ಪ್ರಮಾಣವೆಂಬ ಏರ್ಪಾಡು ಇತ್ತು. ವಾದಿ ಎದ್ದುನಿಂತು, ‘ಪ್ರತಿವಾದಿ ಇಂಥ ದೇವರ ಮುಂದೆ, ಇಂಥ ರೀತಿಯಲ್ಲಿ ಪ್ರಮಾಣ ಮಾಡಿ ಸಾಲ ತೀರಿಸಿದ್ದೇನೆ ಎಂದರೆ ನಾನು ಒಪ್ಪುತ್ತೇನೆ’ ಎನ್ನಬಹುದಿತ್ತು. ಪ್ರತಿವಾದಿಗೆ ಒಪ್ಪಿಗೆಯಿದ್ದರೆ, ಕೋರ್ಟಿನ ಹೊರಗೇ ಆ ಪ್ರಮಾಣ ಮಾಡಿಸಿ ಹೇಳಿಕೆ ಬರೆದುಕೊಂಡು ಬರಲು ಕಮಿಷನ್ ಹೊರಡಿಸಲು ಅವಕಾಶವಿತ್ತು. ಹಾಗೆ ಹೇಳಿದ್ದು ಸವಾಲು ಹಾಕಿದವನ ಮಟ್ಟಿಗೆ ಅಂತಿಮ ಸಾಕ್ಷ್ಯ. ಪ್ರತಿವಾದಿ ಒಲ್ಲೆನೆಂದರೆ ಕೋರ್ಟು ಬಲವಂತ ಮಾಡುವಂತಿರಲಿಲ್ಲ, ಆದರೆ ಅವನು ಒಲ್ಲೆನೆಂದದ್ದನ್ನೂ ಅದರ ಕಾರಣವನ್ನೂ ಬರೆದಿಡುತ್ತಿತ್ತು.

ಕರ್ಪೂರದ ಪ್ರಮಾಣ ಹೀಗೆ ಸರ್ಕಾರಿ ಕಡತದೊಳಗೆ ಬಂದು ಕೂತಿತ್ತು. ಬಡ ರೈತನಿಗೆ ಇದರಿಂದ ಅನುಕೂಲವೂ ಆಗಿರಬಹುದು. ವಕೀಲರ ಫೀಜು, ವಾಯಿದೆಯ ಮೇಲೆ ವಾಯಿದೆ ತಪ್ಪಿ ಒಂದೇ ದಿನಕ್ಕೆ ಇತ್ಯರ್ಥ. ಆದರೆ ದೇವರನ್ನು ನಂಬದವನಿಗೆ ಅಥವಾ ಆಣೆಯಿಡುವುದೇ ಪಾಪವೆಂದು ನಂಬಿದವನಿಗೆ ಇಂಥ ಸವಾಲು ಬಂದರೆ? ಒಪ್ಪಿದರೆ ಮನಸ್ಸಿಗೆ ವಿರುದ್ಧ, ಒಪ್ಪದಿದ್ದರೆ ಊರ ಕಣ್ಣಲ್ಲಿ ಕಳ್ಳ. ಕಾನೂನು ಆಯೋಗ ಈ ಕಾಯ್ದೆಯನ್ನು ತನ್ನ 28ನೇ ವರದಿಯಲ್ಲಿ ಪರಿಶೀಲಿಸಿತು. 1969ರ ಕಾಯ್ದೆಯಲ್ಲಿ ವಿಶೇಷ ಪ್ರಮಾಣ ಇಲ್ಲವಾಯಿತು. ಅದು ಹೋದದ್ದು ಒಳ್ಳೆಯದೇ ಆಯಿತು.

ನಂಬದವರ ಪರವಾಗಿ ಅತಿ ಹೆಚ್ಚು ಕಷ್ಟಪಟ್ಟವನು ಚಾರ್ಲ್ಸ್ ಬ್ರ್ಯಾಡ್ಲಾ. 1880ರಲ್ಲಿ ನಾರ್ತಾಂಪ್ಟನ್ನಿನಿಂದ ಬ್ರಿಟಿಷ್ ಪಾರ್ಲಿಮೆಂಟಿಗೆ ಗೆದ್ದ ಈ ನಾಸ್ತಿಕ ದೃಢೀಕರಣ ಮಾಡುತ್ತೇನೆಂದ, ಬಿಡಲಿಲ್ಲ. ಹಾಗಾದರೆ ಪ್ರಮಾಣವನ್ನೇ ಮಾಡುತ್ತೇನೆಂದ. ನಂಬದವನಿಗೆ ಪ್ರಮಾಣವೆಲ್ಲಿಯದು ಎಂದು ಅದಕ್ಕೂ ಬಿಡಲಿಲ್ಲ. ಅವನನ್ನು ಸೆರೆಯಲ್ಲಿಟ್ಟರು, ಸ್ಥಾನ ಕಿತ್ತುಕೊಂಡರು, ಜನ ಮತ್ತೆ ಮತ್ತೆ ಗೆಲ್ಲಿಸಿದರು. 1886ರಲ್ಲಿ ಒಳಗೆ ಕೂರಲು ಬಿಟ್ಟ ಮೇಲೆ 1888ರಲ್ಲಿ ತಾನೇ ನಿಂತು ಪ್ರಮಾಣವಚನದ ಕಾಯ್ದೆ ಮಾಡಿಸಿದ. ಮರುವರ್ಷ ಬೊಂಬಾಯಿಯ ಕಾಂಗ್ರೆಸ್ ಅಧಿವೇಶನಕ್ಕೂ ಬಂದಿದ್ದ. ನಮ್ಮ ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರಿನಲ್ಲಿ ರಾಷ್ಟ್ರಪತಿಯ ಪ್ರಮಾಣದ ಚರ್ಚೆ ಬಂದಾಗ ದೇವರ ಹೆಸರು ಬೇಕೆಂದು ಮಹಾವೀರ ತ್ಯಾಗಿ ಮೊದಲಾದವರು ಪಟ್ಟು ಹಿಡಿದರು. ಸಭೆ ದೇವರ ಹೆಸರನ್ನೂ ಸೇರಿಸಿತು, ಸತ್ಯನಿಷ್ಠೆಯ ದೃಢೀಕರಣವನ್ನೂ ಉಳಿಸಿಕೊಂಡಿತು. ಸಂವಿಧಾನದ ಮೂರನೇ ಅನುಸೂಚಿಯ ಇತರ ಪ್ರಮಾಣಗಳಲ್ಲೂ ಇವತ್ತಿಗೂ ಎರಡೂ ಇವೆ.

ನಮ್ಮ ಸೀಮೆಯಲ್ಲಿ ಈ ಚರಿತ್ರೆಯನ್ನು ಓದಿ ತಿಳಿದವರು ಕೆಲವರಿದ್ದರು ಎಂದರೆ ಅದಕ್ಕೆ ಎಚ್. ನರಸಿಂಹಯ್ಯನವರು ಕಾರಣ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಓದಲೆಂದು ಊರಿಂದ ಬೆಂಗಳೂರಿಗೆ ನಡೆದೇ ಹೋದವರು. ಅಮೆರಿಕದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಮಾಡಿಬಂದರೂ ಖಾದಿ, ಗಾಂಧಿ ಟೋಪಿ, ಹಾಸ್ಟೆಲಿನ ಕೋಣೆ ಬಿಡಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸುವ ಸಮಿತಿ ಮಾಡಿದರು. ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜು ತಂದವರು ಅವರೇ. ಅಲ್ಲಿ ಓದಿದ ಹಳ್ಳಿ ಹುಡುಗರು ಪ್ರಶ್ನೆ ಕೇಳುವುದನ್ನು ಕಲಿತರು.

ಅಂಥವರಲ್ಲೊಬ್ಬರು, ಹೈಸ್ಕೂಲ್ ಮೇಷ್ಟ್ರು, ಒಂದು ಅಪಘಾತದ ಕೇಸಿನಲ್ಲಿ ಸಾಕ್ಷಿಯಾಗಿ ಬಂದಿದ್ದರು. ಯಾವ ಕೋರ್ಟು ಎಂಬುದು ಬೇಡ. ನಾನು ವಾಕ್ಯ ಹೇಳಿಕೊಟ್ಟೆ, ಅವರು ಸುಮ್ಮನಿದ್ದರು. ಕಿವಿ ಮಂದವೇನೋ ಎಂದು ಇನ್ನೊಮ್ಮೆ ಜೋರಾಗಿ ಹೇಳಿದೆ. ‘ಕೇಳಿಸ್ತು ಸಾರ್. ದೇವರ ಹೆಸರು ಬೇಡ. ಸತ್ಯ ಹೇಳ್ತೀನಿ ಅಂತ ದೃಢೀಕರಿಸ್ತೀನಿ’ ಎಂದರು. ಎದುರು ವಕೀಲರು ಎದ್ದು, ‘ಸ್ವಾಮಿ, ದೇವರಿಗೇ ಹೆದರದವರು ಕೋರ್ಟಿಗೆ ಹೆದರುತ್ತಾರೆಯೇ?’ ಎಂದರು. ಹಾರ್ಡ್‌ವಿಕ್‌ನ ತರ್ಕ ಇನ್ನೂರೈವತ್ತು ವರ್ಷ ಆದ ಮೇಲೂ ಸವೆದಿರಲಿಲ್ಲ. ನ್ಯಾಯಾಧೀಶರು ಕಪಾಟಿನಿಂದ ಕಾಯ್ದೆಯ ಪುಸ್ತಕ ತರಿಸಿ, 5ನೇ ಕಲಮನ್ನು ಗಟ್ಟಿಯಾಗಿ ಓದಿ, ನನ್ನ ಕಡೆ ತಿರುಗಿ ‘ಅವರು ಹೇಳಿದ ಹಾಗೇ ಮಾಡಿಸಿ’ ಎಂದರು. ಮೇಷ್ಟ್ರು ಲಾರಿಯ ವೇಗ ಎಷ್ಟಿತ್ತೆಂದು ಕೇಳಿದ್ದಕ್ಕೆ ‘ಗೊತ್ತಿಲ್ಲ, ನಾನು ಕಂಡದ್ದು ಅದು ಗುದ್ದಿದ ಮೇಲೆ’ ಎಂದರು. ಆ ಉತ್ತರ ಅವರನ್ನು ಕರೆಸಿದ ಕಡೆಯವರಿಗೇ ಅನುಕೂಲದ್ದಲ್ಲ.

ನಂಬಿ ಪ್ರಮಾಣ ಮಾಡುವವರನ್ನೂ ನಾನು ಅಷ್ಟೇ ಗೌರವಿಸುತ್ತೇನೆ. ಶಿಡ್ಲಘಟ್ಟದ ಕಡೆಯ, ಹಿಪ್ಪುನೇರಳೆ ಸೊಪ್ಪು ಬಿಡಿಸಿ ಬೆರಳೆಲ್ಲ ಕಪ್ಪಾಗಿದ್ದ ಅಜ್ಜಿಯೊಬ್ಬರು ‘ದೇವರ ಮೇಲೆ’ ಎಂದಾಗ ಸೆರಗು ಸರಿಮಾಡಿ ಕಣ್ಣು ಮುಚ್ಚಿಕೊಂಡದ್ದು ನೆನಪಿದೆ. ಮಗನ ಪಾಲಿನ ಜಮೀನಿನ ವ್ಯಾಜ್ಯ. ಮಗನಿಗೆ ಬೇಕಾದ ಒಂದು ಮಾತನ್ನು ಅವರ ಬಾಯಿಂದ ಹೊರಡಿಸಲು ವಕೀಲರಿಗೆ ಆಗಲೇ ಇಲ್ಲ. ‘ನಾ ನೋಡಿಲ್ಲಪ್ಪ, ನೋಡಿದೆ ಅಂತ ಹೆಂಗೇಳ್ಲಿ’ ಎಂದರು. ಅಜ್ಜಿಗೆ ದೇವರ ಹೆಸರು ಬೇಕು, ಮೇಷ್ಟ್ರಿಗೆ ಬೇಡ. ಇಬ್ಬರೂ ಸತ್ಯವನ್ನೇ ಹೇಳಿದರು. ಕಾನೂನಿಗೆ ಬೇಕಾದದ್ದೂ ಅಷ್ಟೇ. ಯಾವ ವಾಕ್ಯ ಹೇಳಿ ಸುಳ್ಳು ನುಡಿದರೂ ಭಾರತೀಯ ದಂಡ ಸಂಹಿತೆಯ 193ನೇ ಕಲಮಿನಲ್ಲಿ ಏಳು ವರ್ಷದ ತನಕ ಒಂದೇ ಶಿಕ್ಷೆಯಿತ್ತು. 2024ರ ಜುಲೈಯಲ್ಲಿ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲೂ ಭೇದವಿಲ್ಲ.

ಸಿವಿಲ್ ಕೇಸುಗಳಲ್ಲಿ 2002ರಿಂದ ಮುಖ್ಯ ವಿಚಾರಣೆಯನ್ನು ಅಫಿಡವಿಟ್ಟಿನಲ್ಲೇ ಕೊಡುತ್ತಾರೆ. ನೋಟರಿಗಳ ಬಳಿ ಟೈಪಾಗುವ ಆ ಕಾಗದಗಳಲ್ಲಿ ಬಹುಪಾಲು ‘ಸತ್ಯ ಪ್ರಮಾಣ ಮಾಡಿ ಹೇಳುವುದೇನೆಂದರೆ’ ಎಂದೇ ಶುರುವಾಗುತ್ತವೆ, ದೇವರ ಹೆಸರಿರುವುದಿಲ್ಲ. ಅದೇ ಸಾಕ್ಷಿ ಪಾಟೀಸವಾಲಿಗೆ ಬಂದಾಗ ದೇವರ ಮೇಲೆ ಆಣೆ. ಇನ್ನು ವಿಧಾನಸೌಧದ ಕಡೆ ನೋಡಿದರೆ, 2023ರಲ್ಲಿ ಡಿ. ಕೆ. ಶಿವಕುಮಾರ್ ತಮ್ಮ ಗುರು ಗಂಗಾಧರ ಅಜ್ಜನ ಹೆಸರಿನಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಮಂತ್ರಿಯಾಗುವವರಿಗೆ ತಮಗೆ ಬೇಕಾದ ಹೆಸರು ಆರಿಸಿಕೊಳ್ಳುವ ಧೈರ್ಯವಿದೆ. ಸಮನ್ಸು ಹಿಡಿದು ಮೊದಲ ಸಲ ಕೋರ್ಟು ಕಂಡ ಕೂಲಿಯವನಿಗೆ, ಸುತ್ತ ಕರಿ ಕೋಟುಗಳಿರುವಾಗ, ಬೇಡವೆನ್ನುವ ಧೈರ್ಯ ಎಲ್ಲಿಂದ ಬರಬೇಕು?

ಅದಕ್ಕೇ ಕೇಳುತ್ತೇನೆ. ತಾಲ್ಲೂಕು ಕೋರ್ಟುಗಳಲ್ಲಿ ಕಟಕಟೆಯ ಪಕ್ಕ ಎರಡೂ ವಾಕ್ಯಗಳನ್ನು ಕನ್ನಡದಲ್ಲಿ, ಗಡಿ ಹಳ್ಳಿಗಳವರಿಗೆ ತೆಲುಗಿನಲ್ಲೂ, ದಪ್ಪ ಅಕ್ಷರದಲ್ಲಿ ಬರೆಸಿ ಹಾಕಲಿ. ಓದಲು ಬಾರದವರಿಗೆ ಕ್ಲರ್ಕ್ ಎರಡನ್ನೂ ಓದಿ ಹೇಳಿ, ಯಾವುದು ಬೇಕೆಂದು ಕೇಳಿ, ಅವರು ಉತ್ತರ ಕೊಡುವ ತನಕ ಕಾಯಲಿ. ಇದಕ್ಕೆ ಹೊಸ ಕಾಯ್ದೆ ಬೇಡ, ದುಡ್ಡೂ ಬೇಡ.