ಕಟ್ಟೆಮಳಲವಾಡಿಯ ಸಿಪಾಯಿಗಳು

ಹುಣಸೂರು ತಾಲ್ಲೂಕಿನಲ್ಲಿ, ಲಕ್ಷ್ಮಣತೀರ್ಥದ ದಡದಲ್ಲಿ, ಕಟ್ಟೆಮಳಲವಾಡಿ ಎಂಬ ಊರಿದೆ. ಹೊಳೆಯ ಕಟ್ಟೆಯನ್ನೂ ಗದ್ದೆಗಳ ಹಸುರನ್ನೂ ಕಂಡವರಿಗೆ, 1761ರಲ್ಲಿ ಮೈಸೂರಿನ ದಂಡೇ ಮೈಸೂರಿನ ದಂಡಿನ ಮೇಲೆ ಇಲ್ಲಿ ಬಿದ್ದಿತೆಂದರೆ ನಂಬಿಕೆ ಬಾರದು.

ಆ ಕಲಹದ ನಾಯಕರನ್ನು ವಾಚಕರು ಬಲ್ಲರು. ಒಬ್ಬನು ಹೈದರಾಲಿ, ಇನ್ನೊಬ್ಬನು, ಅವನ ಲೆಕ್ಕಪತ್ರ ನೋಡುತ್ತ ಅವನಿಂದಲೇ ಮೇಲಕ್ಕೆ ಬಂದ ಖಂಡೇರಾಯ. ಸಿಪಾಯಿಯಾದರೋ ಇಬ್ಬರನ್ನೂ ಅರಿತಿದ್ದುದು ಸಂಬಳದ ಬಾಬಿನಲ್ಲಿ. 1758ರಲ್ಲಿ ಸಂಬಳ ಬಾಕಿಬಿದ್ದು, ಸೈನಿಕರು ಶ್ರೀರಂಗಪಟ್ಟಣದಲ್ಲಿ ಸರ್ವಾಧಿಕಾರಿ ನಂಜರಾಜಯ್ಯನ ಬಾಗಿಲಲ್ಲಿ ಧರಣಿ ಕುಳಿತರು. ಒಳಕ್ಕೆ ಅನ್ನನೀರು ಹೋಗಗೊಡಲಿಲ್ಲ. ಆಗ ಲೆಕ್ಕ ಬಿಡಿಸಿ ಬಾಕಿ ತೀರಿಸಿದವರು ಈ ಇಬ್ಬರೇ. ಹಸಿದವನು ಹಣ ಕೊಟ್ಟವರನ್ನು ಬೇಗ ಮರೆಯುವುದಿಲ್ಲ.

1760ರ ಆಗಸ್ಟಿನಲ್ಲಿ, ಅರಮನೆಯ ಪಕ್ಷ ಹಿಡಿದ ಖಂಡೇರಾಯನು ಹೈದರನ ಪಾಳೆಯದ ಮೇಲೆ ಕೋಟೆಯಿಂದ ಫಿರಂಗಿ ಹಾರಿಸಿದನು. ಹೈದರನ ಬಲದ ಬಹುಭಾಗ ಆಗ ಫ್ರೆಂಚರ ನೆರವಿಗಾಗಿ ದೂರ ಹೋಗಿತ್ತು. ಮನೆಮಂದಿಯನ್ನು ಪಟ್ಟಣದಲ್ಲಿಯೇ ಬಿಟ್ಟು ಅವನು ಇರುಳಿನಲ್ಲಿ ಕಾವೇರಿ ದಾಟಿ ಬೆಂಗಳೂರಿಗೆ ಓಡಿದನು. ಖಂಡೇರಾಯನಿಗೆ ಒತ್ತಾಸೆಯಾಗಿದ್ದ ಮರಾಠರೂ, ಪಾಣಿಪತ್ತಿನ ಸೋಲಿನ ಕಾಲದಲ್ಲಿ, ಹಣ ಪಡೆದು ಹಿಂದಿರುಗಿದರು. ಉಳಿದದ್ದು ನಮ್ಮವರ ಕೈಗೆ ನಮ್ಮವರೇ.

ನಂಜನಗೂಡಿನ ಬಳಿ ಹೈದರನು ಸೋತನು. ಮುಖ್ಯ ದಂಡನ್ನು ಹರದನಹಳ್ಳಿಗೆ ಕಳುಹಿಸಿ, ತಾನು ಕೆಲವೇ ಸವಾರರೊಡನೆ ಕೊಣನೂರಿಗೆ ಹೋಗಿ, ಅಧಿಕಾರ ಕಳೆದುಕೊಂಡು ಅಲ್ಲಿದ್ದ ನಂಜರಾಜಯ್ಯನ ಮನೆಬಾಗಿಲಲ್ಲಿ ನಿಂತು ಮರೆಹೊಕ್ಕನು. ಹಿಂದೆ ಸಿಪಾಯಿಗಳು ಕುಳಿತದ್ದೂ ಇದೇ ನಂಜರಾಜಯ್ಯನ ಬಾಗಿಲಲ್ಲಿ ಎಂಬುದನ್ನು ನೆನೆದರೆ ನಗು ಬರುತ್ತದೆ. ಮುದುಕ ಕರಗಿದನು. ಅಲ್ಲಿಂದ ತನ್ನ ದಂಡನ್ನು ಕೂಡಿಕೊಳ್ಳಲು ಹೊರಟ ಹೈದರನನ್ನು ಖಂಡೇರಾಯನು ಕಟ್ಟೆಮಳಲವಾಡಿಯ ಬಳಿ ಅಡ್ಡಗಟ್ಟಿದನು.

ಮುಂದಿನದನ್ನು ಇತಿಹಾಸಕಾರ ವಿಲ್ಕ್ಸ್ ಬರೆದಿಟ್ಟಿದ್ದಾನೆ. ನಂಜರಾಜಯ್ಯನ ಮುದ್ರೆಯೊತ್ತಿದ ಕಾಗದಗಳು ಎದುರಾಳಿಯ ಸರದಾರರ ಹೆಸರಿಗೆ ಹೊರಟವು. ಒಪ್ಪಿದಂತೆ ಖಂಡೇರಾಯನನ್ನು ಹಿಡಿದುಕೊಟ್ಟು ಇನಾಮು ಪಡೆಯಿರಿ ಎಂಬುದು ಒಕ್ಕಣೆ. ಅವು ಖಂಡೇರಾಯನ ಕೈಗೇ ಬೀಳಬೇಕೆಂಬುದು ಹೂಟ, ಬಿದ್ದವು. ತನ್ನವರೆಲ್ಲ ದ್ರೋಹಿಗಳೆಂದು ಬಗೆದು ಅವನು ಕುದುರೆಯೇರಿ ಪಟ್ಟಣಕ್ಕೆ ಓಡಿದನು.

ಅಲ್ಲಿ ಉಳಿದ ಕಾಲಾಳಿನ ಸ್ಥಿತಿಯನ್ನು ಊಹಿಸಿಕೊಳ್ಳಿ. ಗೆಲ್ಲುತ್ತ ಬಂದಿದ್ದ ದಂಡು. ದ್ರೋಹ ಯಾರೂ ಮಾಡಿರಲಿಲ್ಲ. ಒಡೆಯನು ಏಕೆ ಓಡಿದನೆಂದು ಕೇಳುವುದಕ್ಕೂ ಮನುಷ್ಯರಿಲ್ಲ. ಅಷ್ಟರಲ್ಲಿ ಹೈದರನ ಕಡೆಯವರು ಮೇಲೆ ಬಿದ್ದರು. ಕುದುರೆಯಿದ್ದವರು ಬಹುಮಟ್ಟಿಗೆ ತಪ್ಪಿಸಿಕೊಂಡರು. ತೋಪು, ಸಾಮಾನು, ಕಾಲಾಳು ಎಲ್ಲವೂ ಗೆದ್ದವನ ಪಾಲಾಯಿತು. ಹಾಗೆ ಸಿಕ್ಕಿದ ಕಾಲಾಳುಗಳು, ಆ ಕಾಲದ ವಾಡಿಕೆಯಂತೆ, ಹೈದರನ ನಿಶಾನಿಯ ಕೆಳಗೇ ಚಾಕರಿಗೆ ಸೇರಿದರು. ಇದನ್ನು ನಿಷ್ಠೆಗೇಡಿತನವೆನ್ನಲು ನನಗೆ ಬಾಯಿ ಬಾರದು. ಬಿಟ್ಟು ಹೋದವನು ಒಡೆಯನೇ ಹೊರತು ಆಳಲ್ಲ.

ಆ ವರ್ಷವೇ ಖಂಡೇರಾಯನು ಹೈದರನ ವಶವಾದನು. ಗಿಳಿಯಂತೆ ಸಾಕುತ್ತೇನೆಂದು ಮಾತು ಕೊಟ್ಟಿದ್ದ ಹೈದರನು ಅವನನ್ನು ಕಬ್ಬಿಣದ ಪಂಜರದಲ್ಲಿಟ್ಟು ಹಾಲನ್ನ ಹಾಕಿಸಿದನೆಂಬ ಕಥೆ ಈಗಲೂ ಜನರ ಬಾಯಲ್ಲಿದೆ. ಕಟ್ಟೆಮಳಲವಾಡಿಯಲ್ಲಿ ಸತ್ತ ಅವನ ಸಿಪಾಯಿಗಳ ಬಾಕಿ ಸಂಬಳ ಇನ್ನು ಯಾರ ಲೆಕ್ಕಕ್ಕೆ ಸೇರಬೇಕಾಗಿತ್ತು? ಹಿಂದೊಮ್ಮೆ ಲೆಕ್ಕ ಬಿಡಿಸಿದ್ದವರಲ್ಲಿ ಒಬ್ಬನು ಪಂಜರದಲ್ಲಿದ್ದನು. ಇನ್ನೊಬ್ಬನ ಮೇಲೆಯೇ ಅವರು ಬಂದೂಕು ಹಿಡಿದಿದ್ದರು.